ತೇಲುವುದು ಯಾಕೆ? ಗುರುತ್ವ ಇದೆ, ಒತ್ತುವವರಿಲ್ಲ

ಬಾಹ್ಯಾಕಾಶದಲ್ಲಿ ಗಗನಯಾತ್ರಿಗಳು ತೇಲುವುದು ಯಾಕೆ? ಚಲನೆಯ ನಿಯಮ ಮತ್ತು ಗುರುತ್ವ, ಎರಡೂ ಅಧ್ಯಾಯ ಸೇರುವ ಜಾಗ ಇದು. ನ್ಯೂಟನ್ನನ ಮೂರು ನಿಯಮ ನಿಮಗೆ ಬರುತ್ತದೆ ಅಂದುಕೊಂಡು ನೇರ ಲೆಕ್ಕಕ್ಕೆ ಹೋಗುತ್ತೇನೆ.

2025ರಲ್ಲಿ ಶುಭಾಂಶು ಶುಕ್ಲಾ ಹೋಗಿಬಂದ ಬಾಹ್ಯಾಕಾಶ ನಿಲ್ದಾಣ ಸುಮಾರು 400 ಕಿ.ಮೀ. ಎತ್ತರದಲ್ಲಿದೆ. ಭೂಮಿಯ ತ್ರಿಜ್ಯ 6400 ಕಿ.ಮೀ. ಅಂತ ಹಿಡಿದರೆ ಕೇಂದ್ರದಿಂದ ದೂರ 6800. ಜಿ ಅಂದರೆ ಗುರುತ್ವದ ವೇಗೋತ್ಕರ್ಷ, ಬೀಳುವ ವಸ್ತುವಿನ ವೇಗ ಪ್ರತಿ ಸೆಕೆಂಡಿಗೆ ಎಷ್ಟು ಹೆಚ್ಚುತ್ತದೆ ಅನ್ನುವುದು; ನೆಲದ ಮೇಲೆ ಅದು 9.8 ಮೀ./ಸೆ.². ಅಲ್ಲಿನ ಜಿ = 9.8 × (6400/6800)², ಅಂದರೆ ಸುಮಾರು 8.7. ನೆಲದ ಮೇಲಿರುವ ಗುರುತ್ವದಲ್ಲಿ ಶೇ 88ಕ್ಕಿಂತ ಜಾಸ್ತಿ ಅಲ್ಲೂ ಇದೆ! ಹಾಗಾದರೆ ತೇಲುವುದು ಹೇಗೆ?

ಇಲ್ಲೇ ನಿಧಾನ ಮಾಡಬೇಕು. ಭೂಮಿ ಎಳೆಯುವುದು ನಮಗೆ ಗೊತ್ತೇ ಆಗುವುದಿಲ್ಲ. ಗೊತ್ತಾಗುವುದು ನೆಲ ನಮ್ಮನ್ನು ಮೇಲಕ್ಕೆ ಒತ್ತುವುದು. ತೂಕದ ಯಂತ್ರ ತೋರಿಸುವುದೂ ಆ ಒತ್ತುವ ಬಲವನ್ನೇ. ಲಿಫ್ಟಿನೊಳಗೆ ನಿಂತಿದ್ದೀರಿ, ಲಿಫ್ಟ್ ಕೆಳಕ್ಕೆ ವೇಗೋತ್ಕರ್ಷಗೊಳ್ಳುತ್ತಿದೆ ಅನ್ನಿ. ಕೆಳಮುಖ ದಿಕ್ಕನ್ನು ಧನ ಅಂತ ತೆಗೆದುಕೊಳ್ಳಿ:

ಭೂಮಿಯ ಎಳೆತ − ನೆಲದ ಒತ್ತು = ದ್ರವ್ಯರಾಶಿ × ವೇಗೋತ್ಕರ್ಷ
ನೆಲದ ಒತ್ತು = ದ್ರವ್ಯರಾಶಿ × (ಜಿ − ವೇಗೋತ್ಕರ್ಷ)

ಹಗ್ಗ ಕಡಿದರೆ ವೇಗೋತ್ಕರ್ಷ = ಜಿ. ಆವರಣದೊಳಗೆ ಸೊನ್ನೆ. ಜಿ ಸೊನ್ನೆ ಆಗಲಿಲ್ಲ, ವ್ಯತ್ಯಾಸ ಸೊನ್ನೆ ಆಯಿತು. ನಿಲ್ದಾಣವೂ ಹೀಗೆಯೇ ಬೀಳುತ್ತಿದೆ, ಜೊತೆಗೆ ಅಡ್ಡಕ್ಕೂ ಓಡುತ್ತಿದೆ. ವೃತ್ತದಲ್ಲಿ ಸುತ್ತಲು ಬೇಕಾದ ವೇಗೋತ್ಕರ್ಷ ವೇಗ²/ದೂರ. ಅದನ್ನು 8.7ಕ್ಕೆ ಸಮ ಮಾಡಿದರೆ ವೇಗ ಸೆಕೆಂಡಿಗೆ ಸುಮಾರು 7.7 ಕಿ.ಮೀ. ಗೋಡೆ, ನೆಲ, ಮನುಷ್ಯ ಎಲ್ಲವೂ ಒಂದೇ 8.7ರಲ್ಲಿ ಬೀಳುವಾಗ ಯಾರು ಯಾರನ್ನು ಒತ್ತಬೇಕು?

ಇನ್ನು ನನ್ನ ಪ್ರೀತಿಯ ಶಾರ್ಟ್‌ಕಟ್. ಎತ್ತರದ ಲೆಕ್ಕಕ್ಕೆಲ್ಲ ಮೇಲೆ ಮಾಡಿದ ಹಾಗೆ ಅನುಪಾತದ ವರ್ಗ, (ತ್ರಿಜ್ಯ/ದೂರ)², ಬಳಸಿ. ಪುಸ್ತಕದಲ್ಲಿ ಜಿ × (1 − 2 × ಎತ್ತರ/ತ್ರಿಜ್ಯ) ಅಂತ ಇನ್ನೊಂದು ಸೂತ್ರ ಇದೆ, ಅಲ್ವಾ? ಅದು ಕಡಿಮೆ ಎತ್ತರಕ್ಕೆ ಮಾತ್ರ. 400 ಕಿ.ಮೀ.ಗೆ 8.6 ಬರುತ್ತದೆ, ಪರವಾಗಿಲ್ಲ. ಈಗ ನಮ್ಮ ಹಾಸನಕ್ಕೆ ಬನ್ನಿ. ಇಸ್ರೋದ ಎಂ.ಸಿ.ಎಫ್. (ಉಪಗ್ರಹಗಳ ಮುಖ್ಯ ನಿಯಂತ್ರಣ ಕೇಂದ್ರ) 1982ರಿಂದ ಇಲ್ಲಿ ಕೂತು ಭೂಸ್ಥಿರ ಉಪಗ್ರಹಗಳನ್ನು, ಅಂದರೆ ಭೂಮಿಯ ಜೊತೆಗೇ ಸುತ್ತುತ್ತಾ ಆಕಾಶದಲ್ಲಿ ಒಂದೇ ಕಡೆ ನಿಂತಂತೆ ಕಾಣುವವನ್ನು, ನೋಡಿಕೊಳ್ಳುತ್ತಿದೆ. ಅವುಗಳ ಎತ್ತರ 35,786 ಕಿ.ಮೀ. ಇದನ್ನು ಆ ಸೂತ್ರಕ್ಕೆ ಹಾಕಿದರೆ ಉತ್ತರ ಸುಮಾರು −100! ಭೂಮಿ ಉಪಗ್ರಹವನ್ನು ಆಚೆ ತಳ್ಳುತ್ತಿದೆ ಅಂದ ಹಾಗಾಯಿತು. ಅನುಪಾತದಲ್ಲಿ ಮಾಡಿ: ಕೇಂದ್ರದಿಂದ ದೂರ ತ್ರಿಜ್ಯದ 6.6 ಪಟ್ಟು, ವರ್ಗ ಸುಮಾರು 43.6, ಜಿ ಸುಮಾರು 0.22. ಅಷ್ಟು ದೂರದಲ್ಲೂ ಸೊನ್ನೆಯಲ್ಲ.

ಗಗನಯಾತ್ರಿಗಳ ತರಬೇತಿ ಓದುವಾಗ "ಯಾರು ಒತ್ತುತ್ತಿದ್ದಾರೆ?" ಅಂತ ಕೇಳಿಕೊಂಡರೆ ಸಾಕು. ವಿಮಾನವನ್ನು ಪರವಲಯದ ದಾರಿಯಲ್ಲಿ ಹಾರಿಸಿದರೆ ಇಪ್ಪತ್ತು ಸೆಕೆಂಡಿನಷ್ಟು ಹೊತ್ತು ಯಾರೂ ಒತ್ತುವುದಿಲ್ಲ. ಸಕಲೇಶಪುರದ ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತವರಿಗೆ ಹಂಪ್ ದಾಟುವಾಗ ಇದರ ಒಂದು ಚೂರು ಪುಕ್ಕಟೆ ಸಿಗುತ್ತದೆ. ನೀರಿನ ಕೊಳದ ತರಬೇತಿ ಬೇರೆ. ಅಲ್ಲಿ ನೆಲದ ಬದಲು ನೀರು ಒತ್ತುತ್ತದೆ. ಕಿವಿಯೊಳಗಿನ ಸಮತೋಲನದ ಅಂಗಕ್ಕೆ ಮೇಲೆ ಯಾವುದು ಕೆಳಗೆ ಯಾವುದು ಅಂತ ಗೊತ್ತೇ ಇರುತ್ತದೆ. ಹೊರಗೆ ಹೋಗಿ ರಿಪೇರಿ ಮಾಡುವ ಕೆಲಸ ಕಲಿಯಲು ಕೊಳ ಒಳ್ಳೆಯದು, ತಲೆಸುತ್ತಿಗೆ ಒಗ್ಗಿಕೊಳ್ಳಲು ಅಲ್ಲ.

ಕಕ್ಷೆಯಲ್ಲಿ ಒತ್ತುವವರೇ ಇಲ್ಲದಿದ್ದಾಗ ಮೂಳೆ ಸವೆಯುತ್ತದೆ. ವ್ಯಾಯಾಮ ಮಾಡದಿದ್ದರೆ ಸೊಂಟದ ಮೂಳೆ ತಿಂಗಳಿಗೆ ಶೇ 1ಕ್ಕೂ ಹೆಚ್ಚು ಕಳೆದುಕೊಳ್ಳಬಹುದು. ಅದಕ್ಕೇ ದಿನಕ್ಕೆ ಎರಡು ಗಂಟೆ ವ್ಯಾಯಾಮ.

ಸೆಂಟ್ರಿಫ್ಯೂಜ್, ಅಂದರೆ ಉದ್ದ ತೋಳಿನ ತುದಿಯಲ್ಲಿ ಕೂರಿಸಿ ಗಿರಗಿರ ತಿರುಗಿಸುವ ತರಬೇತಿ ಯಂತ್ರ, ಇದಕ್ಕೆ ಉಲ್ಟಾ, ಇಲ್ಲಿ ಸೀಟು ಜಾಸ್ತಿ ಒತ್ತುತ್ತದೆ. ತೋಳು 8 ಮೀಟರ್ ಅನ್ನಿ, 4 ಜಿ (9.8ರ ನಾಲ್ಕು ಪಟ್ಟು) ಬೇಕು: 39.2 = (ಕೋನ ವೇಗ)² × 8. ಕೋನ ವೇಗ ಸೆಕೆಂಡಿಗೆ 2.2 ರೇಡಿಯನ್, ಅಂದರೆ ನಿಮಿಷಕ್ಕೆ 21 ಸುತ್ತು. ಭೂಮಿಯದ್ದೇ 1 ಜಿ ಲಂಬವಾಗಿ ಸೇರುವುದರಿಂದ ನಿಜಕ್ಕೂ ಅನುಭವಕ್ಕೆ ಬರುವುದು √17, ಅಂದರೆ 4.1 ಜಿ. ಒತ್ತು ಕಾಲಿನಿಂದ ತಲೆಯ ಕಡೆಗೆ ಬಂದರೆ ರಕ್ತ ಕಾಲಿಗಿಳಿದು ಕಣ್ಣು ಕತ್ತಲಾಗುತ್ತದೆ. ಉಡಾವಣೆ ಹೊತ್ತಿಗೆ ಗಗನಯಾತ್ರಿಗಳನ್ನು ಅಂಗಾತ ಮಲಗಿಸುವುದು ಇದಕ್ಕೇ. ಆಗ ಸೀಟು ಬೆನ್ನನ್ನು ಒತ್ತುತ್ತದೆ, ತಲೆಯಲ್ಲಿ ರಕ್ತ ಉಳಿಯುತ್ತದೆ, ಉಸಿರಾಟ ಮಾತ್ರ ಸ್ವಲ್ಪ ಕಷ್ಟ.