ಹೆಸರಿನ ಕೊನೆಯಲ್ಲೊಂದು ಚುಕ್ಕೆ

2009ರ ಅಕ್ಟೋಬರ್ 12ರ ರಾತ್ರಿ, ‘ಡಾಟ್ ಎಸ್‌ಇ’ ಎಂದು ಕೊನೆಗೊಳ್ಳುವ ಸ್ವೀಡನ್ನಿನ ಜಾಲತಾಣಗಳೆಲ್ಲ ಒಮ್ಮೆಲೇ ಸಿಗದಂತಾದವು. ಸುಮಾರು ಒಂಬತ್ತು ಲಕ್ಷ ಹೆಸರುಗಳು. ಸರ್ವರ್‌ಗಳು ಓಡುತ್ತಲೇ ಇದ್ದವು, ಕೇಬಲ್ ಎಲ್ಲೂ ತುಂಡಾಗಿರಲಿಲ್ಲ, ಯಾರ ದಾಳಿಯೂ ನಡೆದಿರಲಿಲ್ಲ. ನಿರ್ವಹಣೆಗೆಂದು ಓಡಿಸಿದ ಸ್ಕ್ರಿಪ್ಟೊಂದು ದಾಖಲೆಗಳಲ್ಲಿ ಹೆಸರಿನ ಕೊನೆಗೆ ಹಾಕಬೇಕಾದ ಚುಕ್ಕೆಯನ್ನು ಬಿಟ್ಟಿತ್ತು, ಅಷ್ಟೇ.

ನಾವು ಬ್ರೌಸರ್‌ನಲ್ಲಿ ಆ ಚುಕ್ಕೆಯನ್ನು ಟೈಪ್ ಮಾಡುವುದಿಲ್ಲ, ಆದರೆ ಪ್ರತಿ ವಿಳಾಸದ ತುದಿಯಲ್ಲೂ ಅದು ಇದ್ದೇ ಇದೆ. ಹೆಸರು ಇಲ್ಲಿಗೆ ಮುಗಿಯಿತು, ಇದರಾಚೆ ಇರುವುದು ಎಲ್ಲ ಹೆಸರುಗಳ ಬುಡವಾದ ಮೂಲ, ಅಂದರೆ ರೂಟ್, ಮಾತ್ರ ಎಂದು ಅದು ಹೇಳುತ್ತದೆ. ಹೆಸರನ್ನು ಯಂತ್ರದ ಅಂಕಿ ವಿಳಾಸಕ್ಕೆ ತಿರುಗಿಸಿಕೊಡುವ ವ್ಯವಸ್ಥೆಯೇ ಡಿಎನ್‌ಎಸ್. ಅದರಲ್ಲಿ ಪ್ರತಿ ವಲಯದ, ಉದಾಹರಣೆಗೆ ‘ಎಸ್‌ಇ’ಯ, ಹೆಸರುಗಳನ್ನು ಬರೆದಿಡುವ ವಲಯ ಕಡತದಲ್ಲಿ, ಅಂದರೆ ಝೋನ್ ಫೈಲ್‌ನಲ್ಲಿ, ಚುಕ್ಕೆ ಇಲ್ಲದ ಹೆಸರು ಕಂಡರೆ ಅದು ಅಪೂರ್ಣವೆಂದು ತಿಳಿದು ತಂತ್ರಾಂಶವೇ ವಲಯದ ಹೆಸರನ್ನು ಅಂಟಿಸುತ್ತದೆ. ಹಾಗಾಗಿ ‘ಎಸ್‌ಇ’ಗೆ ಮುಗಿಯಬೇಕಿದ್ದ ಹೆಸರುಗಳೆಲ್ಲ ‘ಎಸ್‌ಇ ಡಾಟ್ ಎಸ್‌ಇ’ಗೆ ಮುಗಿದವು. ಆ ಹೆಸರುಗಳಲ್ಲಿ ಹುಡುಕಿದರೆ ಏನೂ ಸಿಗುತ್ತಿರಲಿಲ್ಲ. ತಪ್ಪು ಬೇಗನೆ ಪತ್ತೆಯಾಗಿ, ಸುಮಾರು ಒಂದು ಗಂಟೆಯೊಳಗೆ ಕಡತ ಸರಿಹೋಯಿತು. ಆದರೆ ಅಷ್ಟರಲ್ಲಿ ತಪ್ಪು ಉತ್ತರವನ್ನು ನೆನಪಿನಲ್ಲಿ ಇಟ್ಟುಕೊಂಡಿದ್ದ ಇಂಟರ್ನೆಟ್ ಸೇವಾದಾರರ ಯಂತ್ರಗಳು ಇನ್ನೂ ಕೆಲವು ಹೊತ್ತು ಅದನ್ನೇ ಹೇಳುತ್ತಿದ್ದವು.

ಇಷ್ಟು ದೊಡ್ಡ ವ್ಯವಸ್ಥೆ ಇಷ್ಟು ಸಣ್ಣದರ ಮೇಲೆ ಹೇಗೆ ನಿಂತಿತು ಎಂದು ತಿಳಿಯಲು, ಅದನ್ನು ಕಟ್ಟಿದವರ ಕಡೆಗೆ ತಿರುಗಬೇಕು.

ಆರಂಭದಲ್ಲಿ ಇದ್ದದ್ದು ಒಂದೇ ಒಂದು ಪಠ್ಯ ಕಡತ. ಅದರ ಹೆಸರು ‘ಹೋಸ್ಟ್ಸ್ ಡಾಟ್ ಟಿಎಕ್ಸ್‌ಟಿ’. ಆರ್ಪಾನೆಟ್ ಎಂಬ ಅಮೆರಿಕದ ಸಂಶೋಧನಾ ಜಾಲದಲ್ಲಿದ್ದ ಪ್ರತಿ ಕಂಪ್ಯೂಟರ್‌ಗೆ ಅದರಲ್ಲಿ ಒಂದು ಸಾಲು: ವಿಳಾಸದ ಅಂಕಿ, ಹೆಸರು, ಯಂತ್ರದ ಬಗೆ, ಅದರ ಕಾರ್ಯಾಚರಣ ವ್ಯವಸ್ಥೆ. ಕ್ಯಾಲಿಫೋರ್ನಿಯಾದ ಮೆನ್ಲೊ ಪಾರ್ಕ್‌ನಲ್ಲಿದ್ದ ಎಸ್‌ಆರ್‌ಐ ಸಂಸ್ಥೆಯಲ್ಲಿ ಎಲಿಜಬೆತ್ ಫೈನ್ಲರ್ ಅವರ ತಂಡ ಅದನ್ನು ನೋಡಿಕೊಳ್ಳುತ್ತಿತ್ತು. ಹೊಸ ಯಂತ್ರ ಸೇರಿಸುವವರು ಅವರ ಕಚೇರಿಗೆ ಇಮೇಲ್ ಬರೆಯಬೇಕು ಇಲ್ಲವೇ ಫೋನ್ ಮಾಡಬೇಕು. ತಂಡದವರು ಸಾಲು ಸೇರಿಸುತ್ತಿದ್ದರು, ಉಳಿದವರೆಲ್ಲ ಹೊಸ ಪ್ರತಿಯನ್ನು ಇಳಿಸಿಕೊಳ್ಳುತ್ತಿದ್ದರು. ಒಂದೇ ಹೆಸರನ್ನು ಇಬ್ಬರು ಕೇಳಿದರೆ ತೀರ್ಮಾನವೂ ಅಲ್ಲೇ. ಕಂಪ್ಯೂಟರ್ ಇರುವ ಜಾಗದ ಬಗೆಯನ್ನು ನೋಡಿ ಹೆಸರುಗಳನ್ನು ವಿಂಗಡಿಸಿದರೆ ಚೆನ್ನ, ಶಿಕ್ಷಣ ಸಂಸ್ಥೆಗೆ ಒಂದು, ಸರ್ಕಾರಕ್ಕೆ ಒಂದು, ಸೇನೆಗೆ ಒಂದು ಎಂಬ ಸಲಹೆಯೂ ಆ ತಂಡದ್ದೇ. ಇಂಟರ್ನೆಟ್ಟಿನ ಚರಿತ್ರೆ ಹೇಳುವವರು ಫೈನ್ಲರ್ ಹೆಸರನ್ನು ಬಿಟ್ಟುಬಿಡುವುದೇ ಹೆಚ್ಚು. ಅದು ಅನ್ಯಾಯ.

ಯಂತ್ರಗಳ ಸಂಖ್ಯೆ ನೂರುಗಳನ್ನು ದಾಟುತ್ತಿದ್ದಂತೆ ಈ ಏರ್ಪಾಡು ಉಸಿರುಗಟ್ಟತೊಡಗಿತು. ಯಂತ್ರಗಳು ಇಮ್ಮಡಿಯಾದರೆ ಕಡತದ ಗಾತ್ರ ಇಮ್ಮಡಿ, ಅದನ್ನು ಇಳಿಸಿಕೊಳ್ಳುವವರೂ ಇಮ್ಮಡಿ, ಹಾಗಾಗಿ ಎಸ್‌ಆರ್‌ಐ ಯಂತ್ರದ ಮೇಲಿನ ಹೊರೆ ನಾಲ್ಕು ಪಟ್ಟು. ಮೇಲಾಗಿ ಯಾರ ಬಳಿ ಯಾವ ದಿನದ ಪ್ರತಿ ಇದೆಯೋ ಹೇಳುವಂತಿರಲಿಲ್ಲ.

ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಮಾಹಿತಿ ವಿಜ್ಞಾನ ಸಂಸ್ಥೆಯಲ್ಲಿದ್ದ ಜಾನ್ ಪೋಸ್ಟೆಲ್ ಈ ಸಮಸ್ಯೆಯನ್ನು ಸಹೋದ್ಯೋಗಿ ಪಾಲ್ ಮೊಕಪೆಟ್ರಿಸ್ ಮುಂದಿಟ್ಟರು. ಅದಾಗಲೇ ಐದು ಪ್ರಸ್ತಾವಗಳು ಬಂದಿದ್ದವು, ಅವುಗಳ ನಡುವೆ ರಾಜಿ ಮಾಡಿಸಬೇಕಿತ್ತು. ಮೊಕಪೆಟ್ರಿಸ್ ಐದನ್ನೂ ಪಕ್ಕಕ್ಕಿಟ್ಟು ತಮ್ಮದೇ ವಿನ್ಯಾಸ ತಂದರು. 1983ರ ನವೆಂಬರಿನಲ್ಲಿ ಆರ್‌ಎಫ್‌ಸಿ 882 ಮತ್ತು 883 ಎಂಬ ಎರಡು ದಾಖಲೆಗಳಾಗಿ ಅದು ಹೊರಬಂತು. ಪಟ್ಟಿಯನ್ನು ಒಂದು ಕಡೆ ಇಡುವುದೇ ಬೇಡ. ಪ್ರತಿ ವಲಯದ ಹೆಸರುಗಳನ್ನು ಆ ವಲಯದವರೇ ಇಟ್ಟುಕೊಳ್ಳಲಿ, ಮೇಲಿನವರಿಗೆ ಕೆಳಗಿನವರು ಎಲ್ಲಿದ್ದಾರೆ ಎಂಬುದಷ್ಟೇ ಗೊತ್ತಿದ್ದರೆ ಸಾಕು. ಇಂದಿಗೂ ನಡೆಯುತ್ತಿರುವುದು ಇದೇ.

ಕರ್ನಾಟಕ ಸರ್ಕಾರದ ತಾಣದ ವಿಳಾಸವನ್ನೇ ನೋಡಿ: ಕರ್ನಾಟಕ ಡಾಟ್ ಜಿಒವಿ ಡಾಟ್ ಇನ್. ಫೋನ್ ಈ ಹೆಸರನ್ನು ನಿಮ್ಮ ಸೇವಾದಾರರ ರಿಸಾಲ್ವರ್ ಎಂಬ ಯಂತ್ರಕ್ಕೆ ಕೊಡುತ್ತದೆ. ಅದರ ನೆನಪಿನಲ್ಲಿ ಏನೂ ಇಲ್ಲದಿದ್ದರೆ ಮೊದಲು ರೂಟ್ ಸರ್ವರ್ ಅನ್ನು ಕೇಳುತ್ತದೆ. ‘ನನಗೆ ಗೊತ್ತಿಲ್ಲ, ಇನ್ ವಲಯದ ಸರ್ವರ್‌ಗಳು ಇಂತಿಂಥ ಕಡೆ ಇವೆ’ ಎನ್ನುತ್ತದೆ ರೂಟ್. ಇನ್ ವಲಯದವರು ಜಿಒವಿ ಕಡೆ ಕೈ ತೋರಿಸುತ್ತಾರೆ, ಅಲ್ಲಿಂದ ಮುಂದೆ ಕರ್ನಾಟಕದ ದಾಖಲೆ ಸಿಗುತ್ತದೆ. ಓದುವಾಗ ಎಡದಿಂದ ಬಲಕ್ಕೆ, ಹುಡುಕುವಾಗ ಬಲದಿಂದ ಎಡಕ್ಕೆ. ಪ್ರತಿ ಉತ್ತರದ ಜೊತೆ ಟಿಟಿಎಲ್ ಎಂಬ ಅವಧಿ ಸೆಕೆಂಡುಗಳಲ್ಲಿ ಬರುತ್ತದೆ. ಇನ್ ಸರ್ವರ್‌ಗಳ ಬಗ್ಗೆ ರೂಟ್ ಕೊಡುವ ಉತ್ತರದ ಅವಧಿ 1,72,800 ಸೆಕೆಂಡು, ಅಂದರೆ ಎರಡು ದಿನ. ಅಷ್ಟು ಕಾಲ ರಿಸಾಲ್ವರ್ ಮತ್ತೆ ರೂಟ್ ಬಾಗಿಲು ತಟ್ಟಬೇಕಿಲ್ಲ.

ಜಾಲತಾಣ ಸ್ಥಳಾಂತರಿಸುವಾಗ ಎಡವುವುದು ಈ ಅವಧಿಯ ವಿಷಯದಲ್ಲೇ. ದಾಖಲೆಯ ಟಿಟಿಎಲ್ 86,400 ಇದ್ದು ಇವತ್ತು ವಿಳಾಸ ಬದಲಿಸಿದರೆ, ಹಳೆಯ ಉತ್ತರ ಒಂದು ದಿನದವರೆಗೂ ಅಲ್ಲಲ್ಲಿ ಉಳಿದಿರುತ್ತದೆ. ಅರ್ಧ ಜನಕ್ಕೆ ಹೊಸ ತಾಣ, ಅರ್ಧ ಜನಕ್ಕೆ ಹಳೆಯದು. ಮೊದಲೇ ಟಿಟಿಎಲ್ ಅನ್ನು 300ಕ್ಕೆ ಇಳಿಸಿ, ಹಳೆಯ ಅವಧಿ ಪೂರ್ತಿ ಕಳೆಯುವವರೆಗೆ ಕಾಯಬೇಕು. ಆಮೇಲೆ ವಿಳಾಸ ಬದಲಿಸಿ, ಹಳೆಯ ಸರ್ವರ್ ಅನ್ನು ಇನ್ನೊಂದೆರಡು ದಿನ ಓಡಲು ಬಿಟ್ಟು, ಎಲ್ಲ ಸರಿ ಕಂಡ ಮೇಲೆ ಟಿಟಿಎಲ್ ಏರಿಸಬೇಕು. ಇನ್ನೊಂದು ಎಡವಟ್ಟು ಹೆಚ್ಚಿನವರಿಗೆ ಗೊತ್ತೇ ಇರುವುದಿಲ್ಲ: ದಾಖಲೆ ಸೇರಿಸುವ ಮೊದಲೇ ‘ಬಂತಾ ನೋಡೋಣ’ ಎಂದು ಹೆಸರನ್ನು ಪರೀಕ್ಷಿಸಿದರೆ, ‘ಇಲ್ಲ’ ಎಂಬ ಉತ್ತರವನ್ನೂ ರಿಸಾಲ್ವರ್ ನೆನಪಿಟ್ಟುಕೊಳ್ಳುತ್ತದೆ. ಆಮೇಲೆ ದಾಖಲೆ ಸರಿಯಾಗಿದ್ದರೂ ಕೆಲವು ಹೊತ್ತು ಸಿಗುವುದು ಅದೇ ‘ಇಲ್ಲ’.

ರೂಟ್ ಸರ್ವರ್‌ಗಳಿಗೆ ‘ಎ’ಯಿಂದ ‘ಎಂ’ವರೆಗೆ ಹದಿಮೂರು ಹೆಸರು. ಹದಿಮೂರೇ ಯಾಕೆಂದರೆ, ಆಗಿನ ನಿಯಮದಂತೆ ಒಂದು ಡಿಎನ್‌ಎಸ್ ಉತ್ತರ 512 ಬೈಟ್ ಮೀರುವಂತಿರಲಿಲ್ಲ. ಎಲ್ಲರ ಹೆಸರು, ವಿಳಾಸ ಸೇರಿಸಿದರೆ ಅಷ್ಟರೊಳಗೆ ಸುರಕ್ಷಿತವಾಗಿ ಹಿಡಿಸಿದ್ದು ಇಷ್ಟು. ನಡೆಸುವವರು ಹನ್ನೆರಡು ಸಂಸ್ಥೆಗಳು, ವೆರಿಸೈನ್ ಎಂಬ ಅಮೆರಿಕದ ಕಂಪನಿಗೆ ಮಾತ್ರ ಎರಡು. ನಾಸಾದ ಏಮ್ಸ್ ಕೇಂದ್ರ, ಮೇರಿಲ್ಯಾಂಡ್ ವಿಶ್ವವಿದ್ಯಾಲಯ, ಅಮೆರಿಕದ ಸೇನಾ ಪ್ರಯೋಗಾಲಯ, ಸ್ವೀಡನ್ನಿನ ನೆಟ್‌ನೋಡ್, ಜಪಾನಿನ ವೈಡ್ ಎಲ್ಲ ಅದರಲ್ಲಿವೆ. ಹದಿಮೂರು ಹೆಸರೆಂದರೆ ಹದಿಮೂರು ಯಂತ್ರವಲ್ಲ. ಎನಿಕಾಸ್ಟ್ ಎಂಬ ಉಪಾಯದಿಂದ ಒಂದೇ ವಿಳಾಸವನ್ನು ಹಲವು ಊರುಗಳಿಂದ ಸಾರುತ್ತಾರೆ, ಪ್ರಶ್ನೆ ಹತ್ತಿರದ್ದಕ್ಕೆ ತಲುಪುತ್ತದೆ. ಇಂಥ ತಾಣಗಳು ಇಂದು ಜಗತ್ತಿನಾದ್ಯಂತ 1,500ಕ್ಕೂ ಹೆಚ್ಚಿವೆ.

ಈ ಮೂಲದ ಯಜಮಾನ ಯಾರು? ತುಂಬಾ ಕಾಲ ಉತ್ತರ ಸರಳವಾಗಿತ್ತು: ಜಾನ್ ಪೋಸ್ಟೆಲ್. ಯಾವ ದೇಶದ ಎರಡಕ್ಷರ ಯಾರ ಕೈಗೆ, ಯಾವ ಸೇವೆಗೆ ಯಾವ ಸಂಖ್ಯೆ ಎಂದೆಲ್ಲ ದಾಖಲಿಸುತ್ತಿದ್ದ ಕೆಲಸಕ್ಕೆ ಐಯಾನಾ ಎಂದು ಹೆಸರಿತ್ತು. ಆ ಹೆಸರಿನ ಹಿಂದೆ ಹೆಚ್ಚುಕಡಿಮೆ ಅವರೊಬ್ಬರೇ, ಜೊತೆಗೆ ಜಾಯ್ಸ್ ರೆನಾಲ್ಡ್ಸ್ ಅವರಂಥ ಒಂದಿಬ್ಬರು. ಅವರ ಮಾತನ್ನು ಜನ ಕೇಳುತ್ತಿದ್ದದ್ದು ಕಾನೂನಿನ ಬಲದಿಂದಲ್ಲ, ಅವರು ಪಕ್ಷಪಾತ ಮಾಡುವುದಿಲ್ಲ ಎಂಬ ನಂಬಿಕೆಯಿಂದ.

1998ರ ಜನವರಿ 28ರಂದು ಆ ನಂಬಿಕೆಯ ಅಳತೆ ಸಿಕ್ಕಿತು. ಆಗ ಮೂಲವಲಯದ ಕಡತ ಅಮೆರಿಕ ಸರ್ಕಾರದ ಗುತ್ತಿಗೆ ಪಡೆದ ನೆಟ್‌ವರ್ಕ್ ಸಲ್ಯೂಷನ್ಸ್ ಕಂಪನಿಯ ಯಂತ್ರದಿಂದ ಉಳಿದ ರೂಟ್‌ಗಳಿಗೆ ಹೋಗುತ್ತಿತ್ತು. ಪೋಸ್ಟೆಲ್ ಎಂಟು ರೂಟ್ ಸರ್ವರ್‌ಗಳ ನಿರ್ವಾಹಕರಿಗೆ ಇಮೇಲ್ ಬರೆದು, ಇನ್ನು ಕಡತವನ್ನು ತಮ್ಮ ಸಂಸ್ಥೆಯ ಯಂತ್ರದಿಂದ ತೆಗೆದುಕೊಳ್ಳಿ ಎಂದರು. ಅವರೆಲ್ಲ ಹಾಗೇ ಮಾಡಿದರು! ಎರಡೂ ಕಡತ ಒಂದೇ ಆಗಿದ್ದರಿಂದ ಬಳಕೆದಾರರಿಗೆ ಏನೂ ಗೊತ್ತಾಗಲಿಲ್ಲ. ಆದರೆ ಶ್ವೇತಭವನಕ್ಕೆ ಗೊತ್ತಾಯಿತು. ಕ್ಲಿಂಟನ್ ಅವರ ಸಲಹೆಗಾರ ಐರಾ ಮ್ಯಾಗಜಿನರ್ ಫೋನ್ ಮಾಡಿದ ಮೇಲೆ ಪೋಸ್ಟೆಲ್ ಇದೊಂದು ಪರೀಕ್ಷೆ ಎಂದರು, ಸುಮಾರು ಒಂದು ವಾರದಲ್ಲಿ ಎಲ್ಲ ಮೊದಲಿನಂತಾಯಿತು. ಪೋಸ್ಟೆಲ್ ಮೇಲೆ ಎಷ್ಟೇ ಗೌರವವಿದ್ದರೂ, ಒಂದು ಇಮೇಲ್‌ಗೆ ಇಷ್ಟು ಬಲ ಇರಬಾರದು ಎಂಬ ಅಮೆರಿಕದ ಆತಂಕ ತಪ್ಪಲ್ಲ. ಆದರೆ ಒಂದೇ ಸರ್ಕಾರದ ಕೈಯಲ್ಲಿ ಕಡತ ಇರಬಾರದು ಎಂಬ ಉಳಿದವರ ಆತಂಕವೂ ಅಷ್ಟೇ ನಿಜ. ಅದೇ ವರ್ಷ ಸೆಪ್ಟೆಂಬರ್ ಕೊನೆಗೆ ಈ ಕೆಲಸವನ್ನೆಲ್ಲ ನೋಡಿಕೊಳ್ಳಲು ಐಕ್ಯಾನ್ ಎಂಬ ಲಾಭರಹಿತ ಸಂಸ್ಥೆ ಹುಟ್ಟಿತು. ಅಕ್ಟೋಬರ್ 16ರಂದು, ಹೃದಯ ಶಸ್ತ್ರಚಿಕಿತ್ಸೆಯ ನಂತರ, 55ರ ವಯಸ್ಸಿನಲ್ಲಿ ಪೋಸ್ಟೆಲ್ ತೀರಿಕೊಂಡರು. ಅಮೆರಿಕ ಸರ್ಕಾರ ತನ್ನ ಮೇಲ್ವಿಚಾರಣೆ ಬಿಟ್ಟುಕೊಟ್ಟದ್ದು ಹದಿನೆಂಟು ವರ್ಷದ ಮೇಲೆ, 2016ರ ಅಕ್ಟೋಬರ್ 1ರಂದು.

ಇಷ್ಟರ ನಡುವೆ, ವಿನ್ಯಾಸದೊಳಗೇ ಇದ್ದ ಒಂದು ಬಿರುಕು ಹೊರಬಿತ್ತು. ರಿಸಾಲ್ವರ್ ಕಳಿಸುವ ಪ್ರತಿ ಪ್ರಶ್ನೆಗೂ 16 ಬಿಟ್‌ಗಳ ಗುರುತಿನ ಸಂಖ್ಯೆ ಇರುತ್ತದೆ, ಅಂದರೆ 65,536 ಸಾಧ್ಯತೆ. ನಿಜವಾದ ಉತ್ತರಕ್ಕಿಂತ ಮೊದಲು, ಸರಿಯಾದ ಸಂಖ್ಯೆಯನ್ನು ಊಹಿಸಿ ಸುಳ್ಳು ಉತ್ತರ ಕಳಿಸಿದವನು ಗೆದ್ದ. ಒಮ್ಮೆ ಸೋತರೆ ಟಿಟಿಎಲ್ ಮುಗಿಯುವವರೆಗೆ ಕಾಯಬೇಕಲ್ಲ ಎಂದು ಎಲ್ಲರೂ ನೆಮ್ಮದಿಯಿಂದಿದ್ದರು. 2008ರಲ್ಲಿ ಭದ್ರತಾ ಸಂಶೋಧಕ ಡ್ಯಾನ್ ಕಾಮಿನ್ಸ್ಕಿ ತೋರಿಸಿದ್ದೇನೆಂದರೆ, ಕಾಯಬೇಕಿಲ್ಲ. ಇಲ್ಲದ ಉಪಹೆಸರುಗಳನ್ನು ಒಂದರ ಹಿಂದೊಂದು ಕೇಳುತ್ತ ಹೋದರೆ ಪ್ರತಿ ಬಾರಿಯೂ ಹೊಸ ಓಟ, ಗೆದ್ದ ಒಂದು ಸುಳ್ಳು ಉತ್ತರದ ಜೊತೆಗೇ ಇಡೀ ವಲಯದ ಸರ್ವರ್ ವಿಳಾಸವನ್ನೂ ಬದಲಿಸಿಬಿಡಬಹುದು. ಬ್ಯಾಂಕಿನ ಹೆಸರು ಟೈಪ್ ಮಾಡಿದವರು ಕಳ್ಳನ ತಾಣಕ್ಕೆ ಹೋಗುತ್ತಾರೆ. ಕಾಮಿನ್ಸ್ಕಿ ಇದನ್ನು ಬಹಿರಂಗ ಮಾಡದೆ ತಂತ್ರಾಂಶ ಬರೆಯುವವರನ್ನು ಗುಟ್ಟಾಗಿ ಸೇರಿಸಿದರು. ಜುಲೈ 8ರಂದು ಹಲವು ಕಂಪನಿಗಳು ಒಂದೇ ದಿನ ತೇಪೆ ಬಿಡುಗಡೆ ಮಾಡಿದವು. ಪ್ರಶ್ನೆ ಹೊರಡುವ ಪೋರ್ಟ್ ಸಂಖ್ಯೆಯನ್ನೂ ಯದ್ವಾತದ್ವಾ ಆರಿಸುವುದು ಆ ತೇಪೆ. ಊಹೆಯ ಕಷ್ಟ ಸಾವಿರಾರು ಪಟ್ಟು ಹೆಚ್ಚಿತು, ಬಿರುಕು ಮಾತ್ರ ಮುಚ್ಚಲಿಲ್ಲ.

ಮುಚ್ಚುವ ದಾರಿ ಪ್ರತಿ ಉತ್ತರಕ್ಕೂ ಡಿಜಿಟಲ್ ಸಹಿ ಹಾಕುವುದು. ಅದೇ ಡಿಎನ್‌ಎಸ್‌ಸೆಕ್. 2010ರ ಜುಲೈನಲ್ಲಿ ಮೂಲವಲಯಕ್ಕೆ ಸಹಿ ಬಂತು. ಹಾಗಾದರೆ ಆ ಸಹಿಯ ಕೀಲಿ ಯಾರ ಬಳಿ? ಯಾರೊಬ್ಬರ ಬಳಿಯೂ ಇರಬಾರದು ಎಂದೇ ಇಡೀ ವಿಧಾನ ಕಟ್ಟಿದ್ದಾರೆ.

ವರ್ಜೀನಿಯಾದ ಕಲ್‌ಪೆಪರ್ ಮತ್ತು ಕ್ಯಾಲಿಫೋರ್ನಿಯಾದ ಎಲ್ ಸೆಗುಂಡೊದಲ್ಲಿ ಒಂದೊಂದು ಕೋಣೆ. ವರ್ಷಕ್ಕೆ ನಾಲ್ಕು ಬಾರಿ ಅಲ್ಲಿ ಸಹಿ ಸಮಾರಂಭ. ಕೋಣೆಯಲ್ಲಿ ಎರಡು ತಿಜೋರಿ: ಒಂದರಲ್ಲಿ ಕೀಲಿಯನ್ನು ಒಳಗಿಟ್ಟುಕೊಂಡ ಯಂತ್ರ, ಬಲವಂತವಾಗಿ ತೆರೆಯಲು ಹೋದರೆ ಕೀಲಿಯನ್ನು ಅಳಿಸಿಕೊಳ್ಳುವಂಥದ್ದು; ಇನ್ನೊಂದರಲ್ಲಿ ಅದನ್ನು ಎಬ್ಬಿಸುವ ಸ್ಮಾರ್ಟ್‌ಕಾರ್ಡ್‌ಗಳು. ಕಾರ್ಡ್‌ಗಳಿರುವ ಚಿಕ್ಕ ಪೆಟ್ಟಿಗೆಗಳ ಕೀಲಿ ಬೇರೆ ಬೇರೆ ದೇಶಗಳ ಏಳು ಮಂದಿ ಸ್ವಯಂಸೇವಕರ ಬಳಿ. ಕನಿಷ್ಠ ಮೂವರು ಬಂದರೆ ಮಾತ್ರ ಯಂತ್ರ ಎದ್ದೇಳುತ್ತದೆ. ಚೀಲಗಳ ಸೀಲಿನ ಸಂಖ್ಯೆಯನ್ನು ಹಿಂದಿನ ಬಾರಿಯ ದಾಖಲೆಯ ಜೊತೆ ತಾಳೆ ನೋಡುತ್ತಾರೆ. ಬಳಸುವ ಲ್ಯಾಪ್‌ಟಾಪ್‌ನಲ್ಲಿ ಹಾರ್ಡ್ ಡಿಸ್ಕ್ ಇರುವುದಿಲ್ಲ. ಸಹಿಗೆ ಬಂದ ಕಡತದ ಸಾರಸಂಖ್ಯೆಯನ್ನು, ಅಂದರೆ ಕಡತದಿಂದ ಲೆಕ್ಕಹಾಕಿದ ಗುರುತಿನ ಸಂಖ್ಯೆಯನ್ನು (ಹ್ಯಾಶ್), ಪದಗಳಾಗಿ ಗಟ್ಟಿಯಾಗಿ ಓದುತ್ತಾರೆ, ಪ್ರತಿ ಹೆಜ್ಜೆಯ ಹೊತ್ತನ್ನು ಸಾಕ್ಷಿಯೊಬ್ಬರು ಬರೆದುಕೊಳ್ಳುತ್ತಾರೆ, ಎಲ್ಲವೂ ನೇರಪ್ರಸಾರ. ಹಾಕುವುದು ಮುಂದಿನ ಮೂರು ತಿಂಗಳ ಸಹಿ. ಸಮಾರಂಭ ತಪ್ಪಿ ಅವಧಿ ಮೀರಿದರೆ, ಸಹಿ ಪರಿಶೀಲಿಸುವ ರಿಸಾಲ್ವರ್‌ಗಳು ಯಾವ ಹೆಸರನ್ನೂ ನಂಬುವುದಿಲ್ಲ. 2020ರ ಫೆಬ್ರುವರಿಯಲ್ಲಿ ತಿಜೋರಿಯ ಬೀಗವೇ ಕೆಟ್ಟು, ಕೊರೆದು ತೆಗೆಯಬೇಕಾಗಿ, ಕಾರ್ಯಕ್ರಮ ಕೆಲವು ದಿನ ಮುಂದೆ ಹೋಯಿತು. ಏಪ್ರಿಲ್‌ನಲ್ಲಿ ಕೋವಿಡ್‌ನಿಂದ ಯಾರೂ ಪ್ರಯಾಣ ಮಾಡುವಂತಿರಲಿಲ್ಲ. ಸ್ವಯಂಸೇವಕರು ತಮ್ಮ ಕೀಲಿಗಳನ್ನು ಸೀಲ್ ಮಾಡಿ ಕಳಿಸಿ, ದೂರದಿಂದಲೇ ನೋಡುತ್ತ ಕೂತರು. ಒಂಬತ್ತು ತಿಂಗಳಿಗಾಗುವಷ್ಟು ಸಹಿಯನ್ನು ಒಟ್ಟಿಗೇ ಹಾಕಿದರು. ಪೋಸ್ಟೆಲ್ ಒಬ್ಬರ ಪ್ರಾಮಾಣಿಕತೆ ಹೊತ್ತಿದ್ದ ಭಾರವನ್ನು ಈಗ ಈ ವಿಧಾನ ಹೊತ್ತಿದೆ. ನೋಡಲು ಬೇಸರದ ಕೆಲಸ, ಆದರೆ ನನ್ನ ಲೆಕ್ಕದಲ್ಲಿ ಇಂಟರ್ನೆಟ್ ಸಂಸ್ಕೃತಿಯ ಅತ್ಯುತ್ತಮ ಸಾಧನೆಗಳಲ್ಲಿ ಇದೊಂದು.

ಮೂಲವಲಯಕ್ಕೆ ಯಾವ ಅಕ್ಷರ ಬರಬಹುದು ಎಂಬುದನ್ನೂ ಹೀಗೇ ಜನ ಕೂತು ಬಗೆಹರಿಸಿದರು. ಅಲ್ಲೀಗ ‘ಭಾರತ’ ಎಂಬ ಕನ್ನಡದ ಹೆಸರೂ ಇದೆ. ಡಿಎನ್‌ಎಸ್ ರೂಢಿಯಲ್ಲಿ ಸಾಗಿಸುವುದು ಇಂಗ್ಲಿಷ್ ಅಕ್ಷರ, ಅಂಕಿ, ಅಡ್ಡಗೆರೆ ಮಾತ್ರ. ಹಾಗಾಗಿ ಪ್ಯೂನಿಕೋಡ್ ಎಂಬ ಪದ್ಧತಿಯಲ್ಲಿ ಅದು ‘ಎಕ್ಸ್, ಎನ್, ಎರಡು ಅಡ್ಡಗೆರೆ, 2, ಎಸ್, ಸಿ, ಆರ್, ಜೆ, 9, ಸಿ’ ಎಂದು ಪ್ರಯಾಣ ಮಾಡುತ್ತದೆ. ಕನ್ನಡ ಸೇರಿ ಬ್ರಾಹ್ಮಿ ಮೂಲದ ಒಂಬತ್ತು ಲಿಪಿಗಳಿಗೆ ನಿಯಮ ರೂಪಿಸಿದ ಸಮಿತಿಗೆ ಸಿಕ್ಕ ತೊಡಕುಗಳು ನಮಗೆ ಚಿರಪರಿಚಿತ. ಕನ್ನಡದ ಅನುಸ್ವಾರ, ತೆಲುಗಿನ ಅನುಸ್ವಾರ ಕಣ್ಣಿಗೆ ಒಂದೇ, ಯುನಿಕೋಡ್‌ನಲ್ಲಿ ಬೇರೆ. ಕನ್ನಡದ ಸೊನ್ನೆಯೂ ಅದೇ ಆಕಾರ, ಅನುಸ್ವಾರದ ಬದಲು ಸೊನ್ನೆ ಒತ್ತುವವರು ಈಗಲೂ ಇದ್ದಾರೆ. ಮೂಲವಲಯದಲ್ಲಿ ಅಂಕಿಗಳಿಗೆ ಜಾಗವಿಲ್ಲ. ‘ಸಾಫ್ಟ್‌ವೇರ್’ ಎಂಬಲ್ಲಿ ಒತ್ತಕ್ಷರವಾಗದಂತೆ ತಡೆಯುವ ಕಾಣದ ಅಕ್ಷರಕ್ಕೂ ಪ್ರವೇಶವಿಲ್ಲ. ಕಾಗುಣಿತದ ದೃಷ್ಟಿಯಿಂದ ನೋವಾದರೂ ನಿರ್ಧಾರ ಸರಿ: ಕಾಣದ ಅಕ್ಷರದಿಂದ ಒಂದೇ ಥರ ಕಾಣುವ ಎರಡು ಹೆಸರು ಹುಟ್ಟಿದರೆ ಮೋಸಗಾರರಿಗೆ ಅಷ್ಟೇ ಸಾಕು.

ಕನ್ನಡದ ಡೊಮೇನ್ ಕೊಳ್ಳುವವರು ಒಂದು ವಿಷಯ ತಿಳಿದಿರಬೇಕು. ಜಾಲತಾಣ ಬ್ರೌಸರ್‌ನಲ್ಲಿ ಚೆನ್ನಾಗಿಯೇ ತೆರೆಯುತ್ತದೆ, ತೊಂದರೆ ಇರುವುದು ಇಮೇಲ್‌ನಲ್ಲಿ. @ ಗುರುತಿನ ಎಡಕ್ಕೂ ಕನ್ನಡ ಇರುವ ವಿಳಾಸಕ್ಕೆ ಪತ್ರ ಹೋಗಬೇಕಾದರೆ ದಾರಿಯಲ್ಲಿರುವ ಪ್ರತಿ ಮೇಲ್ ಸರ್ವರ್‌ಗೂ ಹೊಸ ನಿಯಮ ಗೊತ್ತಿರಬೇಕು. ಒಂದಕ್ಕೆ ಗೊತ್ತಿಲ್ಲದಿದ್ದರೂ ಪತ್ರ ವಾಪಸ್. ಎಷ್ಟೋ ಅರ್ಜಿ ನಮೂನೆಗಳು ಇಂಥ ವಿಳಾಸವನ್ನು ‘ತಪ್ಪು’ ಎಂದು ಅಲ್ಲೇ ತಿರಸ್ಕರಿಸುತ್ತವೆ, ಏಕೆಂದರೆ ಅವನ್ನು ಬರೆದವರು ಇಂಗ್ಲಿಷ್ ಅಕ್ಷರವನ್ನಷ್ಟೇ ಪರೀಕ್ಷಿಸಿದ್ದರು. ಕನ್ನಡದ ಅಂಚೆಪೆಟ್ಟಿಗೆಗೇ ಇಂಗ್ಲಿಷ್ ಅಕ್ಷರದ ಇನ್ನೊಂದು ವಿಳಾಸವನ್ನೂ ಜೋಡಿಸಿಕೊಂಡರೆ ಸದ್ಯಕ್ಕೆ ಎರಡೂ ಕಡೆಯ ಪತ್ರ ತಲುಪುತ್ತದೆ.