12 ವರ್ಷದ ಹಿಂದಿನ ಶಿಕ್ಷೆಯನ್ನು ವೀಸಾ ಅರ್ಜಿಯಲ್ಲಿ ಹೇಳಲೇಬೇಕಾ?

ಪ್ರಶ್ನೆ: "12 ವರ್ಷದ ಹಿಂದೆ ಒಂದು ಹೊಡೆದಾಟದ ಕೇಸಲ್ಲಿ ನನಗೆ ಶಿಕ್ಷೆಯಾಗಿತ್ತು. ದಂಡ ಕಟ್ಟಿದೆ, ಅಲ್ಲಿಗೆ ಮುಗಿಯಿತು. ಆಮೇಲೆ ಒಂದು ತಕರಾರೂ ಇಲ್ಲ. ಈಗ ಪ್ರವಾಸಕ್ಕೆ ವೀಸಾ ಹಾಕಬೇಕು. ಇಷ್ಟು ಹಳೆಯದನ್ನು ಹೇಳಲೇಬೇಕಾ? ಹೇಳಿದರೆ ವೀಸಾ ಸಿಗುತ್ತದಾ?"

ಅರ್ಜಿಯಲ್ಲಿ ಕೇಳಿದ್ದರೆ ಹೇಳಲೇಬೇಕು. ಹೇಳಿದ ಮೇಲೂ ವೀಸಾ ಸಿಗಬಹುದು, ಒಂದು ಹಳೆಯ ಶಿಕ್ಷೆ ಇದೆ ಅಂದ ಮಾತ್ರಕ್ಕೆ ಎಲ್ಲ ದೇಶಗಳೂ ಬಾಗಿಲು ಹಾಕುವುದಿಲ್ಲ. ಈ ಎರಡು ಮಾತನ್ನು ನಾನು ಎಷ್ಟು ಜನರಿಗೆ ಹೇಳಿದ್ದೇನೋ ಲೆಕ್ಕವಿಲ್ಲ. ಆದರೂ ಪ್ರತಿ ಸಲ ಅದೇ ಮರುಪ್ರಶ್ನೆ ಬರುತ್ತದೆ: "ಇಷ್ಟು ವರ್ಷ ಆದಮೇಲೆ ಕೇಸ್ ತಾನಾಗೇ ಅಳಿಸಿಹೋಗುತ್ತದಂತಲ್ಲ, ಇಲ್ಲ ಅಂತ ಟಿಕ್ ಮಾಡಿದರೆ ಸಾಕಂತಲ್ಲ?" ಒಬ್ಬರು 5 ವರ್ಷ ಅಂತಾರೆ, ಇನ್ನೊಬ್ಬರು 7, ಮತ್ತೊಬ್ಬರು 10. ಎಲ್ಲಿ ಬರೆದಿದೆ ಅಂದರೆ ಯಾರೂ ತೋರಿಸುವುದಿಲ್ಲ.

ಇವತ್ತು ಇದನ್ನು ಬುಡದಿಂದಲೇ ನೋಡೋಣ.

ಈ ಮಾತು ಪೂರ್ತಿ ಸುಳ್ಳಲ್ಲ, ಅದಕ್ಕೇ ಇಷ್ಟು ಗಟ್ಟಿಯಾಗಿ ಬೇರು ಬಿಟ್ಟಿದೆ. ಬ್ರಿಟನ್‌ನಲ್ಲಿ 1974ರ ಒಂದು ಕಾಯ್ದೆ ಇದೆ. ಶಿಕ್ಷೆಯಾದವರು ಗೊತ್ತುಮಾಡಿದಷ್ಟು ಕಾಲ ಮತ್ತೆ ತಪ್ಪು ಮಾಡದೆ ಇದ್ದರೆ, ಕೆಲಸಕ್ಕೋ ವಿಮೆಗೋ ಅರ್ಜಿ ಹಾಕುವಾಗ ಸಾಮಾನ್ಯವಾಗಿ ಆ ಹಳೆಯ ಶಿಕ್ಷೆಯ ಮಾತೆತ್ತಬೇಕಾಗಿಲ್ಲ. ಒಳ್ಳೆಯ ಕಾನೂನು. ಆದರೆ ವಲಸೆ ಮತ್ತು ಪೌರತ್ವದ ತೀರ್ಮಾನಗಳಿಗೆ 2012ರಿಂದ ಆ ರಿಯಾಯಿತಿ ಇಲ್ಲ. ಬ್ರಿಟನ್ ತನ್ನದೇ ಕಾಯ್ದೆಯ ರಿಯಾಯಿತಿಯನ್ನು ತನ್ನದೇ ವೀಸಾಕ್ಕೆ ಒಪ್ಪುವುದಿಲ್ಲ. ಹಾಗಿರುವಾಗ ನಿಮ್ಮ ದೇಶದ ಕೋರ್ಟು ದಾಖಲೆ ಅಳಿಸಿದೆ ಅಂತ ಇನ್ನೊಂದು ದೇಶ ಸುಮ್ನೆ ಯಾಕೆ ಒಪ್ಪಬೇಕು?

10 ವರ್ಷದ ಮಾತಿಗೆ ಕೆನಡಾದಲ್ಲಿ ಒಂದು ಎಳೆ ಸಿಗುತ್ತದೆ. ಅಲ್ಲಿನ ನಿಯಮದಲ್ಲಿ, ತುಂಬಾ ಗಂಭೀರವಲ್ಲದ ಒಂದೇ ಒಂದು ಅಪರಾಧವಾಗಿದ್ದು ಶಿಕ್ಷೆ ಮುಗಿದು 10 ವರ್ಷವಾಗಿದ್ದರೆ, ಆ ವ್ಯಕ್ತಿ ಸರಿಹೋಗಿದ್ದಾನೆ ಅಂತಲೇ ಪರಿಗಣಿಸುತ್ತಾರೆ. ಇಲ್ಲಿ ಎಷ್ಟು ಷರತ್ತಿದೆ ನೋಡಿ. ಅಪರಾಧ ಗಂಭೀರವೋ ಅಲ್ಲವೋ ಅನ್ನುವುದನ್ನು ಕೆನಡಾದ ಕಾನೂನಿನಿಂದ ಅಳೆಯುತ್ತಾರೆ, ನಿಮ್ಮ ದೇಶದ ಕಾನೂನಿನಿಂದ ಅಲ್ಲ. ಎಣಿಕೆ ಶುರುವಾಗುವುದು ತಪ್ಪು ನಡೆದ ದಿನದಿಂದಲ್ಲ, ಜೈಲು, ದಂಡ, ನಿಗಾ ಎಲ್ಲ ಮುಗಿದ ದಿನದಿಂದ. ಕುಡಿದು ಗಾಡಿ ಓಡಿಸುವುದನ್ನು ಬಹಳ ಜನ ಸಣ್ಣ ಕೇಸ್ ಅಂದುಕೊಂಡಿರುತ್ತಾರೆ. ಅದಕ್ಕೆ ಕೆನಡಾದಲ್ಲಿ 2018ರ ಡಿಸೆಂಬರ್‌ನಿಂದ ಗರಿಷ್ಠ ಶಿಕ್ಷೆ 10 ವರ್ಷ. ಹಾಗಾಗಿ ಆಮೇಲಿನ ಕೇಸುಗಳಿಗೆ ಈ ತಾನಾಗಿ ಸಿಗುವ ಮಾಫಿ ಇಲ್ಲ.

ನನಗೆ ನಿಜವಾಗಿ ಬೇಸರ ತರುವ ವಿಷಯ ಬೇರೆ. ಇಂಥ ಅವಧಿಗಳೆಲ್ಲ ನಿಮಗೆ ವೀಸಾ ಕೊಡಬಹುದೋ ಬೇಡವೋ ಅಂತ ಅಧಿಕಾರಿ ತೀರ್ಮಾನ ಮಾಡುವುದಕ್ಕೆ ಇರುವಂಥವು. ನೀವು ಯಾವ ಪ್ರಶ್ನೆಗೆ ಏನು ಉತ್ತರ ಬರೆಯಬೇಕು ಅನ್ನುವುದಕ್ಕೂ ಅವಕ್ಕೂ ಸಂಬಂಧವೇ ಇಲ್ಲ. ವರ್ಷ ಕಳೆದಂತೆ ನಿಮ್ಮ ಪರವಾಗಿ ಹೇಳುವ ಮಾತು ಜಾಸ್ತಿಯಾಗುತ್ತದೆ, ನಿಜ. ಆದರೆ ಅದನ್ನು ಹೇಳುವುದಕ್ಕೆ ಮೊದಲು "ಹೌದು" ಅಂತ ಬರೆದಿರಬೇಕಲ್ಲ!

ಅಮೆರಿಕದ ಡಿಎಸ್-160 ಅರ್ಜಿಯ ಪ್ರಶ್ನೆ ಓದಿ. ಯಾವ ಅಪರಾಧಕ್ಕಾದರೂ ನಿಮ್ಮನ್ನು ಎಂದಾದರೂ ಬಂಧಿಸಿದ್ದರೇ ಅಥವಾ ಶಿಕ್ಷೆಯಾಗಿತ್ತೇ, ಆಮೇಲೆ ಕ್ಷಮಾದಾನ ಸಿಕ್ಕಿದ್ದರೂ ಹೇಳಿ ಅಂತ ಕೇಳುತ್ತಾರೆ. "ಎಂದಾದರೂ" ಅಂದರೆ 12 ವರ್ಷವೂ ಬಂತು, 40 ವರ್ಷವೂ ಬಂತು. ಬಂಧನ ಅಂದಮೇಲೆ ಆಮೇಲೆ ಬಿಡುಗಡೆಯಾದ ಕೇಸೂ ಬಂತು. ಎಲ್ಲ ದೇಶವೂ ಹೀಗೇ ಕೇಳುವುದಿಲ್ಲ. ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿರುವ ಷೆಂಗನ್ ವೀಸಾದ ಸಾಮಾನ್ಯ ಅರ್ಜಿಯಲ್ಲಿ ಶಿಕ್ಷೆಯ ಪ್ರಶ್ನೆಯೇ ಇಲ್ಲ. ಕೇಳದೇ ಇದ್ದರೆ ನೀವಾಗಿ ಬರೆಯಬೇಕಾಗಿಲ್ಲ. ಕೇಳಿದ್ದರೆ, ಕೇಳಿದಷ್ಟಕ್ಕೆ ಪೂರ್ತಿ ಉತ್ತರ ಕೊಡಿ. ಇಷ್ಟೇ.

"ಅವರಿಗೆ ಹೇಗೆ ಗೊತ್ತಾಗುತ್ತೆ" ಅನ್ನುವವರಿಗೆ: ಅಮೆರಿಕ, ಬ್ರಿಟನ್, ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಈ ಐದು ದೇಶಗಳು ಅರ್ಜಿದಾರರ ಬೆರಳಚ್ಚನ್ನು ಒಬ್ಬರಿಗೊಬ್ಬರು ಹೋಲಿಸಿ ನೋಡುತ್ತಾರೆ. ಇವತ್ತು ಗೊತ್ತಾಗದೇ ಇದ್ದದ್ದು ಮುಂದಿನ ಅರ್ಜಿಯಲ್ಲಿ ಗೊತ್ತಾಗಬಹುದು. ಆಗ ಹಳೆಯ ಹೊಡೆದಾಟ ಹಿಂದೆ ಸರಿದು ಹೊಸ ಸುಳ್ಳು ಮುಂದೆ ಬರುತ್ತದೆ. ಸುಳ್ಳು ಸಿಕ್ಕಿದರೆ ಆಸ್ಟ್ರೇಲಿಯಾದಲ್ಲಿ 3 ವರ್ಷ, ಕೆನಡಾದಲ್ಲಿ 5 ವರ್ಷ, ಬ್ರಿಟನ್‌ನಲ್ಲಿ 10 ವರ್ಷದವರೆಗೆ ತಡೆ ಬೀಳಬಹುದು. ಅಮೆರಿಕದಲ್ಲಿ ಜೀವನಪೂರ್ತಿ ಬೀಳಬಹುದು. ಅದೇ ಅಮೆರಿಕದಲ್ಲಿ, ಆಯುಧ ಹಿಡಿಯದೆ ಆದ ಸಾಧಾರಣ ಹೊಡೆದಾಟ ಸಾಮಾನ್ಯವಾಗಿ ವೀಸಾ ತಡೆಯುವ ಅಪರಾಧಗಳ ಸಾಲಿಗೇ ಬರುವುದಿಲ್ಲ. ಸಣ್ಣ ಕಳ್ಳತನದಂಥದ್ದು ಆ ಸಾಲಿಗೆ ಬಂದರೂ, ಅದೊಂದೇ ಅಪರಾಧವಾಗಿದ್ದು, ಅದಕ್ಕೆ ಕಾನೂನಿನಲ್ಲಿರುವ ಗರಿಷ್ಠ ಶಿಕ್ಷೆ 1 ವರ್ಷ ಮೀರದೆ, ನಿಮಗೆ ಕೊಟ್ಟ ಜೈಲು ಶಿಕ್ಷೆ 6 ತಿಂಗಳು ಮೀರದೆ ಇದ್ದರೆ ವಿನಾಯಿತಿ ಇದೆ. ಅಂದರೆ ನಿಜ ಹೇಳಿದ್ದರೆ ದಾಟಿಹೋಗುತ್ತಿದ್ದ ಜನ ಸುಳ್ಳು ಹೇಳಿ ಸಿಕ್ಕಿಬೀಳುತ್ತಾರೆ. ನನ್ನ ಸಂಕಟ ಇದೇ.

ಹಾಗಂತ ಎಲ್ಲ ಸಲೀಸು ಅಂತಲೂ ಅಲ್ಲ. 12 ತಿಂಗಳು ಅಥವಾ ಅದಕ್ಕಿಂತ ಜಾಸ್ತಿ ಜೈಲು ಶಿಕ್ಷೆಯಾಗಿದ್ದರೆ ಬ್ರಿಟನ್ ಮತ್ತು ಆಸ್ಟ್ರೇಲಿಯಾ ಎರಡೂ ಕಡೆ ಕಷ್ಟ. ಜಪಾನ್‌ನಲ್ಲಂತೂ ಮಾದಕ ವಸ್ತುವಿನ ಕೇಸಿನಲ್ಲಿ ಶಿಕ್ಷೆಯಾಗಿದ್ದರೆ, ಅದು ಎಷ್ಟು ಹಳೆಯದಾದರೂ, ವಿಶೇಷ ಅನುಮತಿ ಇಲ್ಲದೆ ಒಳಗೆ ಬಿಡುವುದಿಲ್ಲ.

ಇನ್ನು ದಾಖಲೆಗಳು. ತೀರ್ಪಿನ ದೃಢೀಕೃತ ಪ್ರತಿ, ದಂಡ ಕಟ್ಟಿದ ರಸೀದಿ, ನಿಮಗೆ ಶಿಕ್ಷೆಯಾದ ಕಾನೂನಿನ ಕಲಮಿನ ಪಠ್ಯ, ಬೇಕಾದರೆ ಅನುವಾದದ ಜೊತೆ. ಕಲಮಿನ ಪಠ್ಯ ಯಾಕೆ ಅಂತ ಕೇಳುತ್ತಾರೆ. ಬೀಟಲ್ಸ್ ತಂಡದ ಗಾಯಕ ಜಾನ್ ಲೆನ್ನನ್ ಪ್ರಕರಣ ನೋಡಿ. 1968ರಲ್ಲಿ ಲಂಡನ್‌ನಲ್ಲಿ ಗಾಂಜಾ ಇಟ್ಟುಕೊಂಡ ಕೇಸಿನಲ್ಲಿ ಅವರಿಗೆ ಆದದ್ದು 150 ಪೌಂಡ್ ದಂಡ, ಜೈಲಿಲ್ಲ. ಅದೇ ಕೇಸನ್ನು ಹಿಡಿದು ಅಮೆರಿಕ 1972ರಿಂದ ಅವರನ್ನು ದೇಶದಿಂದ ಕಳಿಸಲು ನೋಡಿತು. 1975ರಲ್ಲಿ ಮೇಲ್ಮನವಿ ಕೋರ್ಟು ಅವರ ಪರ ತೀರ್ಪು ಕೊಟ್ಟಿತು. ಯಾಕೆ ಗೊತ್ತಾ? ಆಗಿನ ಬ್ರಿಟಿಷ್ ಕಾನೂನು ಎಷ್ಟು ಬಿಗಿಯಾಗಿತ್ತೆಂದರೆ, ತನ್ನ ಹತ್ತಿರ ಗಾಂಜಾ ಇದೆ ಅಂತ ಗೊತ್ತಿಲ್ಲದವನಿಗೂ ಶಿಕ್ಷೆಯಾಗಬಹುದಿತ್ತು. ಅಂಥ ಶಿಕ್ಷೆಯನ್ನು ಅಮೆರಿಕದಲ್ಲಿ ಲೆಕ್ಕಕ್ಕೆ ತೆಗೆದುಕೊಳ್ಳುವ ಹಾಗಿಲ್ಲ ಅಂದಿತು ಕೋರ್ಟು. ಕಲಮಿನ ಒಂದೆರಡು ಸಾಲಿನ ಮೇಲೆ ಇಡೀ ಪ್ರಕರಣ ತಿರುಗಿತು. 1976ರಲ್ಲಿ ಅವರಿಗೆ ಗ್ರೀನ್ ಕಾರ್ಡ್ ಸಿಕ್ಕಿತು.

ಜೊತೆಗೆ ಒಂದು ಪುಟದ ಪತ್ರ ಇಡಿ. ಏನಾಯಿತು, ಯಾವಾಗ, ಏನು ಶಿಕ್ಷೆ, ಯಾವಾಗ ಮುಗಿಯಿತು, ಆಮೇಲೆ ಹೇಗಿದ್ದೀರಿ, ಈಗ ಯಾಕೆ ಹೋಗುತ್ತಿದ್ದೀರಿ. "ನನ್ನ ತಪ್ಪೇ ಇರಲಿಲ್ಲ" ಅಂತ ಎರಡು ಪುಟ ವಾದ ಮಾಡಬೇಡಿ. ತೀರ್ಪು ಅವರ ಕೈಯಲ್ಲೇ ಇರುತ್ತದೆ.

ನೀವು ಕೇಳಿಲ್ಲ, ಆದರೂ ಇದೊಂದನ್ನು ಹೇಳದೆ ಇರಲಾರೆ. ಅರ್ಜಿಯನ್ನು ನೀವೇ ತುಂಬುತ್ತೀರೋ, ಏಜೆಂಟ್ ತುಂಬುತ್ತಾರೋ? ಎಷ್ಟೋ ಕಡೆ ಏಜೆಂಟರು ಇಂಥ ಪ್ರಶ್ನೆಗಳಿಗೆಲ್ಲ ಒಂದೇ ಸಲಕ್ಕೆ "ಇಲ್ಲ" ಅಂತ ಒತ್ತಿಕೊಂಡು ಹೋಗುತ್ತಾರೆ, ನಿಮ್ಮನ್ನು ಕೇಳುವುದೂ ಇಲ್ಲ. ಆದರೆ ಸಹಿ ನಿಮ್ಮದು. ಬ್ರಿಟನ್ ನಿಯಮದಲ್ಲಂತೂ, ತಪ್ಪು ಮಾಹಿತಿ ನಿಮಗೆ ಗೊತ್ತಿಲ್ಲದೆ ಸೇರಿದ್ದರೂ ಆ ಅರ್ಜಿಯನ್ನು ತಿರಸ್ಕರಿಸಬಹುದು. ಹಾಗಾಗಿ ಸಲ್ಲಿಸುವ ಮೊದಲು ಪೂರ್ತಿ ಅರ್ಜಿಯನ್ನು ಕೇಳಿ ಪಡೆದು ಒಂದೊಂದು ಉತ್ತರವನ್ನೂ ನೀವೇ ಓದಿ. ಸಲ್ಲಿಸಿ ಆಗಿಬಿಟ್ಟಿದ್ದರೆ ಸಂದರ್ಶನದಲ್ಲಿ ಅವರು ಆ ವಿಷಯ ಎತ್ತುವವರೆಗೆ ಕಾಯಬೇಡಿ. ಕೂತ ತಕ್ಷಣ ನೀವೇ ಹೇಳಿ: "ಈ ಪ್ರಶ್ನೆಗೆ ಉತ್ತರ ತಪ್ಪಾಗಿದೆ, ಸರಿಪಡಿಸಬೇಕು. ತೀರ್ಪಿನ ಪ್ರತಿ ತಂದಿದ್ದೇನೆ."