ಹಡಗು ಹತ್ತಿದ ಕಸದ ಲೆಕ್ಕ ಎಲ್ಲಿ ಮುಗಿಯುತ್ತದೆ?

ಪ್ಲಾಸ್ಟಿಕ್ ಬಾಟಲಿ ಮರುಬಳಕೆ ಆಯಿತು ಅಂತ ಲೆಕ್ಕ ಬರೆಯುವುದು ಯಾವಾಗ? ಅದು ಕರಗಿ ಇನ್ನೊಂದು ವಸ್ತುವಾದಾಗ ಅಂತ ನಾವು ಅಂದುಕೊಳ್ಳುತ್ತೇವೆ, ಅಲ್ವಾ? ಆದರೆ ಹಲವು ಶ್ರೀಮಂತ ದೇಶಗಳಲ್ಲಿ ಬಹುಕಾಲ ಕಂಟೇನರ್ ಹಡಗು ಹತ್ತಿದರೆ ಸಾಕಿತ್ತು. ಆ ಕಸ ಮರುಬಳಕೆಯ ಪಟ್ಟಿಗೆ ಸೇರಿಬಿಡುತ್ತಿತ್ತು. ಮುಂದೆ ಅದನ್ನು ಯಾರು ಬಿಡಿಸಿದರು, ಯಾರು ಸುಟ್ಟರು, ಯಾರು ಆ ಹೊಗೆ ಕುಡಿದರು ಎನ್ನುವುದಕ್ಕೆ ಆ ಪಟ್ಟಿಯಲ್ಲಿ ಕಾಲಂ ಇರಲಿಲ್ಲ.

ಕಸದ ಕಡಲಯಾನ ಹಳೆಯದು. 1986ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಿಂದ ‘ಖಿಯಾನ್ ಸೀ’ ಎಂಬ ಹಡಗು ಸುಮಾರು 14,000 ಟನ್ ಬೂದಿ ಹೊತ್ತು ಹೊರಟಿತು. ಕಸ ಸುಟ್ಟ ಬೂದಿ ಅದು. ಬೇರೆ ಬೇರೆ ದೇಶಗಳು ಬೇಡ ಅಂದವು. ಕೊನೆಗೆ ಗೊಬ್ಬರ ಅಂತ ಹೇಳಿ ಹೈಟಿಯ ಕಡಲತೀರದಲ್ಲಿ ಒಂದಿಷ್ಟು ಸುರಿದರು, ಉಳಿದದ್ದು ಸಮುದ್ರ ಸೇರಿತು. ಇಂಥ ಪ್ರಕರಣಗಳು ಎಬ್ಬಿಸಿದ ಗದ್ದಲದಿಂದಲೇ 1989ರಲ್ಲಿ, ದೇಶದಿಂದ ದೇಶಕ್ಕೆ ತ್ಯಾಜ್ಯ ಸಾಗಿಸುವುದನ್ನು ನಿಯಂತ್ರಿಸುವ ಬಾಸೆಲ್ ಒಪ್ಪಂದ ಬಂತು. ಅಪಾಯಕಾರಿ ತ್ಯಾಜ್ಯಕ್ಕೆ ಕಡಿವಾಣ ಬಿತ್ತು. ರದ್ದಿ ಕಾಗದ, ಪ್ಲಾಸ್ಟಿಕ್ ಮಾತ್ರ ‘ಕಚ್ಚಾವಸ್ತು’ ಎಂಬ ಹೆಸರಲ್ಲಿ ಆರಾಮಾಗಿ ಓಡಾಡಿಕೊಂಡಿದ್ದವು.

ಆಮೇಲಿನ ಕಾಲು ಶತಮಾನ ಚೀನಾದ್ದು. ಚೀನಾದಿಂದ ಸರಕು ತಂದು ಇಳಿಸಿದ ಹಡಗುಗಳು ಖಾಲಿ ಮರಳಬೇಕಿತ್ತು, ಬಾಡಿಗೆ ಅಗ್ಗ, ಕಸ ಹತ್ತಿತು. ಗುಯಿಯು ಪಟ್ಟಣದಲ್ಲಿ ಹಳೆ ಕಂಪ್ಯೂಟರಿನ ಸರ್ಕ್ಯೂಟ್ ಬೋರ್ಡುಗಳನ್ನು ಕಲ್ಲಿದ್ದಲ ಒಲೆಯ ಮೇಲೆ ಕಾಯಿಸಿ ಚಿಪ್ ಕೀಳುತ್ತಿದ್ದರು. ಪ್ಲಾಸ್ಟಿಕ್ ಯಾವ ಜಾತಿಯದು ಅಂತ ತಿಳಿಯಲು ತುದಿಗೆ ಲೈಟರ್ ಹಿಡಿದು ಮೂಸಿ ನೋಡುವುದು ಒಂದು ಕಸುಬೇ ಆಗಿತ್ತು. ಅಲ್ಲಿನ ಮಕ್ಕಳ ರಕ್ತದಲ್ಲಿ ಸೀಸದ ಪ್ರಮಾಣ ಜಾಸ್ತಿ ಇರುವುದನ್ನು ಸಂಶೋಧಕರು ಕಂಡರು. 2018ರ ಜನವರಿಯಲ್ಲಿ ಚೀನಾ 24 ಬಗೆಯ ಕಸಕ್ಕೆ ಬಾಗಿಲು ಹಾಕಿತು.

ಕಸ ನಿಲ್ಲಲಿಲ್ಲ, ದಾರಿ ಬದಲಿಸಿತು. ಮಲೇಷ್ಯಾ, ಥಾಯ್ಲೆಂಡ್, ವಿಯೆಟ್ನಾಂ, ಟರ್ಕಿ, ಇಂಡೋನೇಷ್ಯಾ. ಇಂಡೋನೇಷ್ಯಾದ ಕಥೆಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು.

ಪೂರ್ವ ಜಾವಾದ ಕಾಗದದ ಕಾರ್ಖಾನೆಗಳು ವಿದೇಶದಿಂದ ರದ್ದಿ ತರಿಸುತ್ತವೆ. ಬೇಲ್ (ಒತ್ತಿ ಕಟ್ಟಿದ ರದ್ದಿ ಮೂಟೆ) ಬಿಚ್ಚಿದರೆ ಕಾಗದದ ನಡುವೆ ಪ್ಲಾಸ್ಟಿಕ್ ಚೀಲ, ಹೊದಿಕೆ, ತಿಂಡಿಯ ಪೊಟ್ಟಣ. ಕಾರ್ಖಾನೆಗೆ ಅದು ಬೇಡ. ಲಾರಿಯಲ್ಲಿ ತುಂಬಿ ಬಾಂಗುನ್ ಎಂಬ ಹಳ್ಳಿಗೆ ಕಳಿಸುತ್ತಾರೆ. ಹಳ್ಳಿಯವರು ಅದನ್ನು ಅಂಗಳದಲ್ಲಿ ಭತ್ತ ಹರವಿದ ಹಾಗೆ ಹರವಿ ಒಣಗಿಸುತ್ತಾರೆ. ಬಾಟಲಿ, ಅಲ್ಯೂಮಿನಿಯಂ ಡಬ್ಬಿ ಆರಿಸಿ ಗುಜರಿಗೆ ಹಾಕುತ್ತಾರೆ. ಅವರಿಗೆ ಇದು ಶಾಪವೇನೂ ಆಗಿರಲಿಲ್ಲ, ಗದ್ದೆಗಿಂತ ಗ್ಯಾರಂಟಿ ದುಡ್ಡು. ಹೊರಗಿನಿಂದ ಬಂದು ಮರುಗುವವರು ಇದನ್ನು ಮರೆಯುತ್ತಾರೆ.

ಯಾತಕ್ಕೂ ಬಾರದ ಚೂರುಗಳು ಟ್ರೋಪೊಡೊ ಹಳ್ಳಿಗೆ ಹೋಗುತ್ತವೆ. ಅಲ್ಲಿ ಹತ್ತಾರು ತೋಫು ತಯಾರಿಕಾ ಘಟಕಗಳಿವೆ. ಸೋಯಾ ಹಾಲು ಕಾಯಿಸಲು ಒಲೆ ಉರಿಯಬೇಕು. ಸೌದೆಗಿಂತ ಪ್ಲಾಸ್ಟಿಕ್ ಅಗ್ಗ. ಕಪ್ಪು ಹೊಗೆ ಏಳುತ್ತದೆ, ಬೂದಿ ಮನೆಗಳ ಸುತ್ತ ಬೀಳುತ್ತದೆ, ಕೋಳಿಗಳು ಅದೇ ನೆಲ ಕೆದರುತ್ತವೆ. 2019ರಲ್ಲಿ ಪರಿಸರ ಸಂಸ್ಥೆಗಳು ಆ ಕೋಳಿಗಳ ಮೊಟ್ಟೆ ಪರೀಕ್ಷೆ ಮಾಡಿಸಿದವು. ಒಂದು ಮೊಟ್ಟೆ ತಿಂದರೆ ದೇಹ ಸೇರುವ ಡಯಾಕ್ಸಿನ್ ಎಂಬ ವಿಷ, ಯುರೋಪಿನ ದಿನದ ಮಿತಿಗಿಂತ ಸುಮಾರು 70 ಪಟ್ಟು ಜಾಸ್ತಿ. ಬಂದರಿನಲ್ಲೇ ಮರುಬಳಕೆ ಅನ್ನಿಸಿಕೊಂಡ ಕಸದ ಕೊನೆಯ ನಿಲ್ದಾಣ ಆ ಮೊಟ್ಟೆ.

ಅದೇ ವರ್ಷ ಬಾಸೆಲ್ ಒಪ್ಪಂದಕ್ಕೆ ತಿದ್ದುಪಡಿ ಆಯಿತು. 2021ರಿಂದ ಕೊಳಕು, ಬೆರಕೆ ಪ್ಲಾಸ್ಟಿಕ್ ಕಳಿಸಲು ಪಡೆಯುವ ದೇಶದ ಒಪ್ಪಿಗೆ ಬೇಕು. ಥಾಯ್ಲೆಂಡ್ 2025ರಲ್ಲಿ ಪ್ಲಾಸ್ಟಿಕ್ ಕಸದ ಆಮದನ್ನೇ ನಿಲ್ಲಿಸಿತು. ಐರೋಪ್ಯ ಒಕ್ಕೂಟದ ಹೊಸ ಕಾನೂನು 2026ರ ನವೆಂಬರ್‌ನಿಂದ ಒಇಸಿಡಿ (ಬಹುಪಾಲು ಶ್ರೀಮಂತ ದೇಶಗಳ ಆರ್ಥಿಕ ಕೂಟ) ಸದಸ್ಯರಲ್ಲದ ದೇಶಗಳಿಗೆ ಪ್ಲಾಸ್ಟಿಕ್ ಕಸ ಕಳಿಸುವುದನ್ನು ತಡೆಯುತ್ತದೆ. ಟರ್ಕಿ ಒಇಸಿಡಿ ಸದಸ್ಯ ದೇಶ, ಹಾಗಾಗಿ ಆ ಬಾಗಿಲು ಪೂರ್ತಿ ಮುಚ್ಚಿಲ್ಲ.

ಇನ್ನು ರದ್ದಿ ಕಾಗದ. ಅದರೊಳಗೆ ಬೇರೆ ಕಸ ಶೇ 2ಕ್ಕಿಂತ ಹೆಚ್ಚಿರಬಾರದು ಅಂತ ಇಂಡೋನೇಷ್ಯಾ 2020ರಲ್ಲಿ ನಿಯಮ ಮಾಡಿತು. ಕೇಳಲು ಕಟ್ಟುನಿಟ್ಟಾಗಿದೆ. 25 ಟನ್ ರದ್ದಿ ತುಂಬಿದ ಒಂದು ಕಂಟೇನರಿನಲ್ಲಿ ಶೇ 2 ಅಂದರೆ 500 ಕೆಜಿ.